ಎನ್‌ಜಿಎಂಎಗೆ ಹೋಗಬೇಕಾ, ಮ್ಯಾಪ್‌ಗೆ ಹೋಗಬೇಕಾ? ಕಲಬುರಗಿಯಿಂದ ಹೊರಟವರಿಗೆ ಎರಡು ಕಲಾ ಮ್ಯೂಸಿಯಂಗಳ ಹೋಲಿಕೆ

ಕಲಬುರಗಿಯಿಂದ ಬೆಂಗಳೂರಿಗೆ ನಾವು ಹೆಚ್ಚಾಗಿ ಹೋಗೋದು ಕೆಲಸದ ಮೇಲೆ. ಪರೀಕ್ಷೆ, ಕೌನ್ಸೆಲಿಂಗ್, ಆಸ್ಪತ್ರೆ, ಎಂ.ಎಸ್. ಬಿಲ್ಡಿಂಗಿನಲ್ಲಿ ಕೂತಿರೋ ಫೈಲು, ಇಲ್ಲಾ ನೆಂಟರ ಮದುವೆ. ಕೆಲಸ ಮುಗಿದ ಮೇಲೂ ರಾತ್ರಿ ರೈಲಿಗೆ ಐದಾರು ತಾಸು ಉಳಿದಿರುತ್ತದೆ. ಆ ಹೊತ್ತನ್ನು ಮಾಲ್ ಸುತ್ತಿ ಕಳೆಯೋ ಬದಲು ಒಂದು ಕಲಾ ಮ್ಯೂಸಿಯಂ ನೋಡಿ ಬನ್ನಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ತಕ್ಷಣ ಬರೋ ಪ್ರಶ್ನೆ, "ಎರಡು ಅವ ಅಂತೀರಿ, ಯಾವುದಕ್ಕೆ ಹೋಗ್ಲಿ?" ಅನ್ನೋದು. ಒಂದೇ ಮಾತಿನಲ್ಲಿ ಉತ್ತರ ಕೊಡೋಕೆ ಆಗಲ್ಲ. ಎರಡೂ ಬೇರೆ ಬೇರೆ ಸ್ವಭಾವದ ಜಾಗಗಳು. ನಿಮ್ಮ ಜೊತೆ ಯಾರಿದ್ದಾರೆ, ಕೈಯಲ್ಲಿ ಎಷ್ಟು ಹೊತ್ತಿದೆ, ಚಿತ್ರದ ಜೊತೆ ನಿಮ್ಮ ನಂಟು ಎಂಥದ್ದು ಅನ್ನೋದರ ಮೇಲೆ ಆಯ್ಕೆ ನಿಂತಿದೆ.

ಮೊದಲನೆಯದು ಎನ್‌ಜಿಎಂಎ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ವಸಂತನಗರದ ಪ್ಯಾಲೇಸ್ ರಸ್ತೆಯಲ್ಲಿದೆ. ಕೇಂದ್ರ ಸರ್ಕಾರದ್ದು. ದೆಹಲಿಯಲ್ಲಿ 1954ರಲ್ಲಿ, ಮುಂಬೈಯಲ್ಲಿ 1996ರಲ್ಲಿ ಶುರುವಾದ ಮೇಲೆ ಇದು ಮೂರನೆಯ ಶಾಖೆ. ಬಾಗಿಲು ತೆರೆದದ್ದು 2009ರ ಫೆಬ್ರವರಿ 18ರಂದು. ಎರಡನೆಯದು ಮ್ಯಾಪ್, ಪೂರ್ತಿ ಹೆಸರು ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಪಕ್ಕಕ್ಕಿದೆ. ಖಾಸಗಿಯದು. ಕಲಾಕೃತಿ ಸಂಗ್ರಾಹಕ ಅಭಿಷೇಕ್ ಪೊದ್ದಾರ್ ಸ್ಥಾಪಿಸಿದ್ದು. ಕೋವಿಡ್ ಕಾಲದಲ್ಲಿ ಮೊದಲು ಆನ್‌ಲೈನಿನಲ್ಲಿ ಶುರುವಾಯಿತು. ಕಟ್ಟಡ ಜನರಿಗೆ ತೆರೆದದ್ದು 2023ರಲ್ಲಿ, ಅದೂ ಫೆಬ್ರವರಿ 18ರಂದೇ.

ಮರಗಳ ನಡುವಿನ ಬಂಗಲೆ

ಎನ್‌ಜಿಎಂಎ ಗೇಟು ದಾಟಿದ ಕೂಡಲೇ ಕಾಣೋದು ಚಿತ್ರವಲ್ಲ, ಮರ. ಸುಮಾರು ಮೂರೂವರೆ ಎಕರೆ ಜಾಗ. ಹೊರಗೆ ಪ್ಯಾಲೇಸ್ ರಸ್ತೆಯ ಹಾರ್ನು, ಒಳಗೆ ನೆರಳು. ನಡುವೆ ನಿಂತಿರೋದು ಮಾಣಿಕ್ಯವೇಲು ಮ್ಯಾನ್ಶನ್. ಮಾಣಿಕ್ಯವೇಲು ಮೊದಲಿಯಾರ್ ಮ್ಯಾಂಗನೀಸ್, ಕ್ರೋಮಿಯಂ ಗಣಿಯಲ್ಲಿ ದುಡ್ಡು ಮಾಡಿದವರು. ಈ ಮನೆಯನ್ನು ಮೈಸೂರು ಯುವರಾಜರಿಂದ ಕೊಂಡರು. ಮುಂದೆ ಅವರ ಕಾಲ ಕೆಟ್ಟಿತು. ಮನೆ ಹರಾಜಾಗಿ, ಕೈಯಿಂದ ಕೈಗೆ ದಾಟಿ, ಕೊನೆಗೆ ಸಂಸ್ಕೃತಿ ಸಚಿವಾಲಯದ ಪಾಲಿಗೆ ಬಂತು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ತಂಡ ಹಳೇ ಮನೆಯನ್ನು ಜೋಪಾನವಾಗಿ ಸರಿಮಾಡಿತು. ಅದರ ಹಿಂದೆ ಸುಮಾರು 1,260 ಚದರ ಮೀಟರಿನ ಹೊಸ ಗ್ಯಾಲರಿ ಕಟ್ಟಿತು. ಎರಡನ್ನೂ ಒಂದು ಗಾಜಿನ ಹಾದಿ ಜೋಡಿಸುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ಹೊಸ ಕಟ್ಟಡದ ನಡತೆ. ಹಳೇ ಮನೆಗೆ ಹೊಸದೇನಾದರೂ ಸೇರಿಸೋವಾಗ ಇಬ್ಬಗೆಯ ತಪ್ಪು ಆಗುತ್ತದೆ. ಒಂದೋ ಹೊಸದು ಹಳೆಯದರ ನಕಲು ಹೊಡೆಯುತ್ತದೆ, ಇಲ್ಲಾ ಹಳೆಯದರ ಮೇಲೆ ದರ್ಪ ತೋರಿಸುತ್ತದೆ. ಇಲ್ಲಿ ಎರಡೂ ಆಗಿಲ್ಲ. ಮುಂಭಾಗದಲ್ಲಿ ಬಂಗಲೆಯೇ ಯಜಮಾನ. ಹೊಸದು ಹಿಂದೆ ಸರಿದು, ಅಲಂಕಾರ ಬಿಟ್ಟು, ಸುಮ್ನೆ ನಿಂತಿದೆ. ಗಾಜಿನ ಹಾದಿಯಲ್ಲಿ ನಡೆಯುವಾಗ ಎರಡೂ ಕಡೆ ಗಿಡ ಕಾಣುತ್ತವೆ. ಒಂದು ಕೋಣೆಯ ಚಿತ್ರಗಳಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಕಣ್ಣಿಗೆ ಅಷ್ಟು ಬಿಡುವು ಸಿಕ್ಕಿದರೆ ಮುಂದಿನ ಚಿತ್ರ ಬೇರೆ ಥರಾನೇ ಕಾಣುತ್ತದೆ.

ಬಂಗಲೆಯ ಒಳಗಿನ ಕೋಣೆಗಳು ಮನೆಯ ಕೋಣೆಗಳೇ. ಮಲಗೋ ಕೋಣೆ, ಪಡಸಾಲೆ ಅಂತ ಕಟ್ಟಿದ ಅಳತೆಯವು. ಹಾಗಾಗಿ ಒಂದು ಕೋಣೆಯಲ್ಲಿ ಹಿಡಿಸೋದು ಕೆಲವೇ ಚಿತ್ರ. ಇದು ನೋಡೋರಿಗೆ ದೊಡ್ಡ ಲಾಭ. ದೊಡ್ಡ ಹಾಲಿನಲ್ಲಿ ಸಾಲಾಗಿ ನೇತುಹಾಕಿದ ನೂರು ಚಿತ್ರಗಳ ಮುಂದೆ ನಡೆಯುತ್ತಾ ಹೋದರೆ ಹತ್ತನೆಯದರ ಹೊತ್ತಿಗೆ ಕಣ್ಣು ಸೋಲುತ್ತದೆ. ಇಲ್ಲಿ ಬಾಗಿಲು ದಾಟಿದಾಗಲೆಲ್ಲ ಮತ್ತೆ ಹೊಸದಾಗಿ ಶುರುವಾಗುತ್ತದೆ. ಆದರೆ ಇದೇ ಕಾರಣಕ್ಕೆ ಗೋಡೆ ತುಂಬುವಂಥ ಇವತ್ತಿನ ದೊಡ್ಡ ಕೃತಿಗಳಿಗೆ ಬಂಗಲೆ ಸಾಲದು. ಅವುಗಳಿಗೆ ಹಿಂದಿನ ಕಟ್ಟಡವೇ ಬೇಕು.

ಉಕ್ಕಿನ ಟಾಕಿ

ಮ್ಯಾಪ್‌ಗೆ ಅಷ್ಟು ಜಾಗದ ಭಾಗ್ಯವಿಲ್ಲ. ಕಸ್ತೂರಬಾ ರಸ್ತೆಯಲ್ಲಿ ಸಿಕ್ಕ ಜಾಗದಲ್ಲಿ ಅದು ಮೇಲಕ್ಕೆ ಬೆಳೆದಿದೆ. ಐದು ಅಂತಸ್ತು, ಸುಮಾರು 44,000 ಚದರ ಅಡಿ. ವಿನ್ಯಾಸ ಮಾಡಿದವರು ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯ ಸೌಮಿತ್ರೊ ಘೋಷ್ ಮತ್ತು ನಿಶಾ ಮ್ಯಾಥ್ಯೂ ಘೋಷ್. ಹೊರಮೈಗೆಲ್ಲ ಸ್ಟೀಲಿನ ಹಲಗೆ. ಪ್ರತಿ ಹಲಗೆಯ ಮೇಲೂ ಕತ್ತರಿ ಗುರುತಿನ ಹಾಗೆ ಒತ್ತಿದ ಅಚ್ಚು.

ನಮ್ಮ ಕಾಕಿಯನ್ನು ಕರೆದುಕೊಂಡು ಹೋದಾಗ ಅವರು ರಸ್ತೆಯಲ್ಲೇ ನಿಂತು ತಲೆ ಎತ್ತಿ ನೋಡಿದರು. "ಏನ್ ತಮ್ಮಾ ಇದು, ಸ್ಟೇಷನ್‌ದಾಗಿನ ನೀರಿನ ಟಾಕಿ ಇದ್ದಂಗ ಅದಲ್ಲ?" ಅಂದರು. ವಾಸ್ತುಶಿಲ್ಪಿಗಳು ಇಟ್ಟುಕೊಂಡ ಕಲ್ಪನೆಯೂ ಅದೇ. ಚೌಕಾಕಾರದ ಉಕ್ಕಿನ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಎತ್ತರದ ಕಂಬಗಳ ಮೇಲೆ ಕೂರಿಸಿದ ನೀರಿನ ಟಾಕಿಗಳನ್ನು ಹಳೇ ರೈಲ್ವೆ ಸ್ಟೇಷನ್ನುಗಳಲ್ಲಿ ನೀವೂ ನೋಡಿರುತ್ತೀರಿ. ಆ ತುಂಡುಗಳ ಮೇಲೂ ಇಂಥದ್ದೇ ಅಚ್ಚು ಇರುತ್ತದೆ. ಅದು ಚಂದಕ್ಕೆ ಹಾಕಿದ್ದಲ್ಲ. ಸಪಾಟಾದ ತಗಡು ನೀರಿನ ಒತ್ತಡಕ್ಕೆ ಉಬ್ಬಿಬಿಡುತ್ತದೆ. ಹೀಗೆ ಒತ್ತಿ ಮಡಿಕೆ ಕೊಟ್ಟರೆ ತೆಳು ತಗಡೂ ಗಟ್ಟಿಯಾಗಿ ನಿಲ್ಲುತ್ತದೆ. ಬೇಕಾದದ್ದನ್ನು ಕೂಡಿಡೋ ಟಾಕಿಯಂತೆ ಈ ಮ್ಯೂಸಿಯಂ ಕೂಡ ಇರಬೇಕು ಅನ್ನೋದು ಕಟ್ಟಿದವರ ಆಸೆ. ನೀರಿನ ಬೆಲೆ ಗೊತ್ತಿರೋ ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವರಿಗೆ ಈ ಕಟ್ಟಡ ಹಿಡಿಸುವುದಿಲ್ಲ. ಪಕ್ಕದಲ್ಲೇ ಇಟ್ಟಿಗೆ ಬಣ್ಣದ ಹಳೇ ಸರ್ಕಾರಿ ವಸ್ತುಸಂಗ್ರಹಾಲಯ ಇದೆ, ಎದುರಿಗೆ ಕಬ್ಬನ್ ಪಾರ್ಕಿನ ಹಸಿರು ಇದೆ, ನಡುವೆ ಈ ಬೂದು ಉಕ್ಕು ಯಾಕೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ಟೀಲಿಗೆ ತನ್ನದೇ ಒಂದು ಬಣ್ಣ ಅಂತಿಲ್ಲ. ಬೆಳಿಗ್ಗೆ ಮೋಡ ಇದ್ದಾಗ ಮಂಕಾಗಿರುತ್ತದೆ, ಸಂಜೆ ಬಿಸಿಲಿಗೆ ಹೊಂಬಣ್ಣಕ್ಕೆ ತಿರುಗುತ್ತದೆ, ಮಳೆ ಬಂದು ಹೋದ ಮೇಲೆ ಅಚ್ಚಿನ ಗೆರೆಗಳು ಎದ್ದು ಕಾಣುತ್ತವೆ. ರಸ್ತೆಯ ಆಚೆ ಬದಿಗೆ ಹೋಗಿ ಐದು ನಿಮಿಷ ನಿಂತು ನೋಡಿ, ಆಮೇಲೆ ಒಳಗೆ ಹೋಗಿ.

ಒಳಗೆ ಹೋದ ಮೇಲೆ ಅಂತಸ್ತಿನಿಂದ ಅಂತಸ್ತಿಗೆ ಏರುತ್ತಾ ನೋಡಬೇಕು. ಗ್ಯಾಲರಿಗಳ ಜೊತೆಗೇ ಗ್ರಂಥಾಲಯ, ಸಭಾಂಗಣ, ಕಲಾಕೃತಿಗಳನ್ನು ರಿಪೇರಿ ಮಾಡಿ ಕಾಪಾಡುವ ಪ್ರಯೋಗಾಲಯ ಇವೆ. ಎನ್‌ಜಿಎಂಎದಲ್ಲಿ ಮನೆಯೊಂದನ್ನು ಮ್ಯೂಸಿಯಂ ಮಾಡಿದ್ದಾರೆ. ಇಲ್ಲಿ ನೆಲದಿಂದಲೇ ಮ್ಯೂಸಿಯಂ ಅಂತ ಯೋಚಿಸಿ ಕಟ್ಟಿದ್ದಾರೆ. ಕೃತಿಗಳನ್ನು ಕಾಪಾಡುವ ದೃಷ್ಟಿಯಿಂದ ನೋಡಿದರೆ ಇದು ಹೆಚ್ಚು ಅನುಕೂಲದ್ದು. ಹೋಗಿ ಕೂತು ಹೊತ್ತು ಕಳೆಯೋ ಜಾಗ ಅಂತ ನೋಡಿದರೆ ಬಂಗಲೆಗೇ ನನ್ನ ಓಟು.

ಬೆಳಕು

ಎರಡೂ ಕಡೆ ಹೋದವರು ಒಂದು ವ್ಯತ್ಯಾಸವನ್ನು ಮೈಯಿಂದಲೇ ಗುರುತಿಸುತ್ತಾರೆ, ಕಾರಣ ಮಾತ್ರ ಗೊತ್ತಾಗಲ್ಲ. ಮ್ಯಾಪ್‌ನ ಕೆಲವು ಕೋಣೆಗಳು ಮಬ್ಬುಗತ್ತಲೆ. "ಲೈಟ್ ಬಿಲ್ ಉಳಿಸ್ತಾರೇನು?" ಅಂತ ಕೇಳಿದವರೂ ಇದ್ದಾರೆ. ಸಂಗತಿ ಏನಂದರೆ, ಫೋಟೋ, ಕಾಗದದ ಮೇಲಿನ ಚಿತ್ರ, ಬಟ್ಟೆ ಇವು ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತವೆ. ಒಮ್ಮೆ ಮಾಸಿದರೆ ಮತ್ತೆ ಬರಲ್ಲ. ಹಾಗಾಗಿ ಮ್ಯೂಸಿಯಂಗಳಲ್ಲಿ ಇಂಥವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ತೈಲವರ್ಣದ ಚಿತ್ರಗಳು 200 ಲಕ್ಸ್‌ವರೆಗೂ ತಾಳುತ್ತವೆ. ಮ್ಯಾಪ್‌ನ ಸಂಗ್ರಹದಲ್ಲಿ ಫೋಟೋ, ಬಟ್ಟೆ, ಕಾಗದವೇ ಬಹಳ. ಹೊರಗೆ ಉಕ್ಕು ಹೊದಿಸಿ ಒಳಗೆ ಬೆಳಕನ್ನು ಅಳೆದು ಬಿಡುವುದಕ್ಕೆ ಇದೂ ಒಂದು ಅರ್ಥ ಕೊಡುತ್ತದೆ.

ಮಬ್ಬಿಗೆ ಕಣ್ಣು ಹೊಂದಿಕೊಳ್ಳೋಕೆ ಕೆಲವು ನಿಮಿಷ ಬೇಕು. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಗೆ ಬಿರುಬಿಸಿಲಿನಿಂದ ಒಳಗೆ ಹೋದವರಿಗೆ ಇದು ಗೊತ್ತಿರುತ್ತದೆ. 1367ರ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಛಾವಣಿ. ಪಕ್ಕದ ಅಗಲ ಕಮಾನುಗಳಿಂದ ಬಂದ ಬೆಳಕು ಒಳಗೆ ಹೋದಂತೆ ಕರಗುತ್ತದೆ. ಮೊದಲು ಏನೂ ಕಾಣಲ್ಲ, ಆಮೇಲೆ ಒಂದೊಂದೇ ಕಂಬ ಎದ್ದು ಬರುತ್ತದೆ. ಮ್ಯಾಪ್‌ನ ಫೋಟೋ ಗ್ಯಾಲರಿಯಲ್ಲೂ ಅಷ್ಟೇ ತಾಳ್ಮೆ ಇಟ್ಟುಕೊಳ್ಳಿ. ಒಳಗೆ ಬಂದ ಕೂಡಲೇ ಮೊದಲ ಫೋಟೋಗೆ ಮುಖ ಒಡ್ಡಬೇಡಿ.

ಗೋಡೆಯ ಮೇಲೆ ಏನಿದೆ

ಎರಡೂ ಕಡೆ ಪ್ರದರ್ಶನ ಬದಲಾಗುತ್ತಾ ಇರುತ್ತವೆ. ಇಂಥದ್ದೇ ಚಿತ್ರ ಸಿಗುತ್ತದೆ ಅಂತ ಹೇಳಲಾಗದು. ಆದರೆ ಎರಡರ ಮನಸ್ಸು ಎತ್ತ ಇದೆ ಅಂತ ಹೇಳಬಹುದು.

ಎನ್‌ಜಿಎಂಎ ದೇಶದ ಆಧುನಿಕ ಚಿತ್ರಕಲೆಯ ಹೆದ್ದಾರಿ. ರಾಜಾ ರವಿವರ್ಮ, ರವೀಂದ್ರನಾಥ ಟ್ಯಾಗೋರ್, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್ ಇವರೆಲ್ಲ ಈ ಸಂಸ್ಥೆಯ ಸಂಗ್ರಹದಲ್ಲಿದ್ದಾರೆ. ಶೇರ್‌ಗಿಲ್ 1941ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 28. ಅವರ ಚಿತ್ರಗಳ ದೊಡ್ಡ ಪಾಲು ಇರೋದು ಎನ್‌ಜಿಎಂಎ ಬಳಿ. ಚಿತ್ರ ಬರೆಯೋದನ್ನು ಕಲಿಯುತ್ತಿರೋ ನಮ್ಮೂರ ಹುಡುಗ ಹುಡುಗಿಯರು ಈ ಹೆಸರುಗಳನ್ನು ಪುಸ್ತಕದಲ್ಲೇ ನೋಡಿ ಬೆಳೆಯುತ್ತಾರೆ. ಮೊಬೈಲಿನಲ್ಲಿ ನೋಡೋ ಚಿತ್ರಕ್ಕೆ ಅಳತೆಯೂ ಇಲ್ಲ, ಮೈಯೂ ಇಲ್ಲ. ತೈಲಚಿತ್ರದ ಎದುರು ನಿಂತು, ಸ್ವಲ್ಪ ಓರೆಯಾಗಿ ಬದಿಯಿಂದ ನೋಡಬೇಕು. ಬಣ್ಣ ಎಲ್ಲಿ ದಪ್ಪಗೆ ಕೂತಿದೆ, ಎಲ್ಲಿ ಕ್ಯಾನ್ವಾಸಿನ ನೇಯ್ಗೆ ಕಾಣುವಷ್ಟು ತೆಳುವಾಗಿದೆ, ಕುಂಚ ಯಾವ ಕಡೆಯಿಂದ ಯಾವ ಕಡೆಗೆ ಓಡಿದೆ ಅನ್ನೋದೆಲ್ಲ ಆಗ ಕಾಣುತ್ತದೆ. ಒಂದು ಸೀರೆಯ ಅಂಚನ್ನು ಬರೆಯೋಕೆ ಕಲಾವಿದ ಹಳದಿ ಗೆರೆ ಎಳೆದಿಲ್ಲ, ಬರೀ ನಾಲ್ಕೈದು ಮುತ್ತಿನಂಥ ಚುಕ್ಕೆ ಇಟ್ಟು ಬಿಟ್ಟಿದ್ದಾನೆ. ಎರಡು ಹೆಜ್ಜೆ ಹಿಂದೆ ಬಂದರೆ ಅದೇ ಜರಿ. ಇಂಥ ಪಾಠ ಯಾವ ವಿಡಿಯೋದಲ್ಲೂ ಸಿಗಲ್ಲ.

ಮ್ಯಾಪ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಹಳೇ ಶಿಲ್ಪ, ಆಧುನಿಕ ಚಿತ್ರಗಳ ಜೊತೆಗೆ ಫೋಟೋ, ಜನಪದ ಮತ್ತು ಬುಡಕಟ್ಟು ಕಲೆ, ಬಟ್ಟೆ, ಜೊತೆಗೆ ಜನರ ನಡುವೆ ಓಡಾಡಿದ ಕ್ಯಾಲೆಂಡರು, ಸಿನಿಮಾ ಪೋಸ್ಟರು, ಬೆಂಕಿಪೊಟ್ಟಣದ ಚೀಟಿಯಂಥವೂ ಸಂಗ್ರಹದಲ್ಲಿವೆ. ಕಲಬುರಗಿಯವರು ಇದನ್ನು ಗಮನಿಸಲೇಬೇಕು. ಯಾಕಂದರೆ ಎಸ್.ಎಂ. ಪಂಡಿತರು ನಮ್ಮೂರವರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ದೇಶವೆಲ್ಲ ಹೆಸರಾದವರು. ಅವರ ರಾಮಾಯಣ, ಮಹಾಭಾರತದ ಚಿತ್ರಗಳು ಕ್ಯಾಲೆಂಡರಾಗಿ ಎಷ್ಟು ಮನೆಗಳ ಗೋಡೆಯಲ್ಲಿ ನೇತಾಡಿದವೋ ಲೆಕ್ಕವಿಲ್ಲ. ವರ್ಷ ಮುಗಿದ ಮೇಲೂ ಎಸೆಯದೆ, ತಾರೀಖಿನ ಹಾಳೆ ಕತ್ತರಿಸಿ, ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿಟ್ಟವರು ನಮ್ಮ ಕಡೆ ಬಹಳ ಇದ್ದಾರೆ. ಆದರೂ "ಅದು ಕ್ಯಾಲೆಂಡರ್ ಚಿತ್ರ" ಅಂತ ಅದನ್ನು ಒಂದು ಮೆಟ್ಟಿಲು ಕೆಳಗೇ ಇಡೋ ರೂಢಿ ಇತ್ತು. ಕ್ಯಾಲೆಂಡರನ್ನೂ ಪೋಸ್ಟರನ್ನೂ ಜೋಪಾನ ಮಾಡಿ, ಚೌಕಟ್ಟು ಹಾಕಿ, ಅಳತೆಯ ಬೆಳಕಿನಲ್ಲಿ ತೂಗುಹಾಕೋ ಮ್ಯೂಸಿಯಂ ಒಂದು ನಮ್ಮ ರಾಜ್ಯದಲ್ಲೇ ಇದೆ ಅನ್ನೋದು ಪಂಡಿತರ ಊರಿನವರಿಗೆ ಸಣ್ಣ ವಿಷಯವಲ್ಲ.

ರವಿವರ್ಮನ ಉದಾಹರಣೆಯಿಂದ ಎರಡೂ ಮ್ಯೂಸಿಯಂಗಳ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎನ್‌ಜಿಎಂಎ ಬೆಲೆ ಕೊಡೋದು ಅವನ ಕೈಯ ತೈಲಚಿತ್ರಕ್ಕೆ. ಅದು ಒಂದೇ ಇರುತ್ತದೆ, ಅರಮನೆಯಲ್ಲೋ ಸಾಹುಕಾರರ ಮನೆಯಲ್ಲೋ ಇದ್ದದ್ದು. ಆದರೆ ಅವನು 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದ. ಅದು ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ನಮ್ಮೂರಿನಿಂದ ಮುಂಬೈ ರೈಲು ಹತ್ತಿದವರು ಆ ಸ್ಟೇಷನ್ ದಾಟಿಯೇ ಹೋಗಿರುತ್ತೀರಿ. ಅಲ್ಲಿಂದ ಹೊರಬಿದ್ದ ಲಕ್ಷ್ಮಿ, ಸರಸ್ವತಿಯರ ಅಚ್ಚುಚಿತ್ರಗಳು ಬಡವರ ಮನೆಗೂ ಬಂದವು. ಮ್ಯಾಪ್ ಕೂಡಿಡೋದು ಈ ಎರಡನೇ ಕಥೆಯನ್ನೂ ಸೇರಿಸಿ. ನನಗೆ ಎರಡೂ ಬೇಕು. ಒಂದನ್ನೇ ನೋಡಿದರೆ ರವಿವರ್ಮ ಅರ್ಧ ಮಾತ್ರ ಸಿಕ್ಕಂತೆ.

ಫೋಟೋದ ಮಾತೂ ಹೀಗೇ. ಜ್ಯೋತಿ ಭಟ್ ಹಳ್ಳಿ ಹಳ್ಳಿ ತಿರುಗಿ ಗೋಡೆ ಚಿತ್ತಾರ, ರಂಗೋಲಿಗಳನ್ನು ಕ್ಯಾಮೆರಾದಲ್ಲಿ ಹಿಡಿದವರು. ಮ್ಯಾಪ್ ಕಟ್ಟಡ ತೆರೆದಾಗ ಅವರ ಫೋಟೋಗಳ ಪ್ರದರ್ಶನವೇ ಇತ್ತು. ಮಧ್ಯಪ್ರದೇಶದ ನಾಗ್ದಾ ಅನ್ನೋ ಸಣ್ಣ ಊರಿನಲ್ಲಿ ಸುರೇಶ್ ಪಂಜಾಬಿ ಅವರು ನಡೆಸಿದ ಸುಹಾಗ್ ಸ್ಟುಡಿಯೋದ ಫೋಟೋಗಳೂ ಈ ಸಂಗ್ರಹದಲ್ಲಿವೆ. ಪರದೆಯ ಮುಂದೆ ಹೊಸ ಶರ್ಟು ಹಾಕಿ, ಟೆಲಿಫೋನ್ ಹಿಡಿದು, ಕೂಲಿಂಗ್ ಗ್ಲಾಸು ಏರಿಸಿ ನಿಂತ ಜನ. ಇಂಥ ಸ್ಟುಡಿಯೋ ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇತ್ತು. ಶಹಾಬಾದಿನಲ್ಲಿ, ಸೇಡಂನಲ್ಲಿ, ಹುಮನಾಬಾದಿನಲ್ಲಿ ಎಷ್ಟು ನೆಗೆಟಿವ್ ಪೆಟ್ಟಿಗೆಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆಯೋ! ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಣಗಿದ ಜಾಗದಲ್ಲಿ, ಬಿಸಿಲು ತಾಗದಂತೆ ಎತ್ತಿಡಿ.

ಯಾರು ಎಲ್ಲಿಗೆ ಹೋಗಬೇಕು

ಚಿತ್ರ ಬರೆಯುವವರು, ದೃಶ್ಯಕಲೆ ಓದುವವರು ಮೊದಲು ಎನ್‌ಜಿಎಂಎಗೆ ಹೋಗಿ. ಸ್ಕೆಚ್ ಪುಸ್ತಕ ಒಯ್ಯಿರಿ, ಪೆನ್ಸಿಲ್ ಸಾಕು. ಕೂತು ಬರೆಯೋಕೆ ಬಿಡುತ್ತಾರಾ ಅಂತ ಕೌಂಟರಿನಲ್ಲಿ ಕೇಳಿಕೊಳ್ಳಿ. ಒಳಗೆ ಆಗದಿದ್ದರೆ ಹೊರಗೆ ಬಂಗಲೆಯೂ ಮರಗಳೂ ಇವೆ.

ಪ್ರಾಯದ ಮಕ್ಕಳನ್ನು, "ಇದೆಲ್ಲ ನಮಗೆ ತಿಳಿಯಂಗಿಲ್ಲ ಬಿಡ್ರಿ" ಅನ್ನೋ ಹಿರಿಯರನ್ನು ಮ್ಯಾಪ್‌ಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಕಂಡ ಸೀರೆ, ಫೋಟೋ, ಕ್ಯಾಲೆಂಡರಿನಂಥವು ಅಲ್ಲಿ ಎದುರಾದರೆ ಅವರಿಗೇ ಮಾತು ಬರುತ್ತದೆ. ನಮ್ಮ ಕಾಕಿ ಟಾಕಿ ಅಂದಿದ್ದು ಹೊರಗಿನ ಮಾತಾಯಿತು. ಒಳಗೆ ಒಂದು ಬಟ್ಟೆಯ ಎದುರು ನಿಂತು ಅದರ ಹೊಲಿಗೆ ಹೇಗೆ ಹಾಕಿದ್ದಾರೆ ಅಂತ ನನಗೇ ವಿವರಿಸಿದರು. ಕೌದಿ ಹೊಲಿದ ಕೈ ಅದು. ಹೊಲಿಗೆಯ ವಿಷಯದಲ್ಲಿ ಆ ಕೋಣೆಯಲ್ಲಿ ಅವರಿಗಿಂತ ಬಲ್ಲವರು ಯಾರೂ ಇರಲಿಲ್ಲ.

ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯವರು ಜೊತೆಗಿದ್ದರೆ ಯೋಚನೆಯೇ ಬೇಡ, ಮ್ಯಾಪ್. ಬ್ರೈಲ್ ಬರಹ, ಮುಟ್ಟಿ ನೋಡುವ ಕೃತಿಗಳು, ಸನ್ನೆ ಭಾಷೆ ಇವನ್ನೆಲ್ಲ ಮೊದಲಿನಿಂದಲೂ ಮನಸ್ಸಿಟ್ಟು ಮಾಡಿದ ಮ್ಯೂಸಿಯಂ ಅದು. ಲಿಫ್ಟ್ ಇದೆ. ಬಂಗಲೆ ಹಳೇ ಮನೆ. ಮೆಟ್ಟಿಲು ಕಷ್ಟವಾಗೋರು ಮೊದಲೇ ಫೋನ್ ಮಾಡಿ ಅನುಕೂಲ ಕೇಳಿಕೊಳ್ಳುವುದು ಒಳ್ಳೇದು.

ರಾತ್ರಿಯೆಲ್ಲ ರೈಲಿನಲ್ಲಿ ನಿದ್ದೆಗೆಟ್ಟವರು, ಆಸ್ಪತ್ರೆ ಓಡಾಟದಲ್ಲಿ ಬೇಸತ್ತವರು ಎನ್‌ಜಿಎಂಎಗೆ ಹೋಗಿ. ಎಲ್ಲ ಕೋಣೆ ನೋಡಲೇಬೇಕು ಅಂತಿಲ್ಲ. ಎರಡು ಕೋಣೆ ನೋಡಿ, ಮರದ ಕೆಳಗೆ ಕೂತು, ಚಹಾ ಕುಡಿದು ಬಂದರೂ ದಿನ ಬೇರೆಯಾಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಎನ್‌ಜಿಎಂಎ ಸಸ್ತಾ, ಸರ್ಕಾರದ್ದಲ್ವಾ. ಮ್ಯಾಪ್‌ನ ಟಿಕೆಟ್ ಜಾಸ್ತಿ. ದರ, ರಿಯಾಯಿತಿಗಳು ಬದಲಾಗುವುದರಿಂದ ಹೊರಡೋ ಮುಂಚೆ ಎರಡರ ವೆಬ್‌ಸೈಟನ್ನೂ ಒಮ್ಮೆ ನೋಡಿ. ಎಲ್ಲಿಗೇ ಹೋದರೂ ಕನ್ನಡದಲ್ಲಿ ವಿವರಿಸುವವರು ಇದ್ದಾರಾ ಅಂತ ಕೇಳಿ. ಸಂಕೋಚ ಬೇಡ. ಕೇಳೋರು ಹೆಚ್ಚಾದಷ್ಟೂ ಆ ಅನುಕೂಲ ಬೆಳೆಯುತ್ತದೆ.

ಹೋಗೋ ದಾರಿ, ಹೊತ್ತು

ಮೊದಲು ನೆನಪಿಡಬೇಕಾದದ್ದು: ಎರಡೂ ಸೋಮವಾರ ರಜೆ. ಸರ್ಕಾರಿ ಕೆಲಸಕ್ಕೆ ಅಂತ ಭಾನುವಾರ ರಾತ್ರಿ ರೈಲು ಹತ್ತಿ ಸೋಮವಾರ ಇಳಿಯೋರಿಗೆ ಇದೇ ಪೆಟ್ಟು. ಶುಕ್ರವಾರ ರಾತ್ರಿ ಹೊರಟು ಶನಿವಾರ ನೋಡೋದು ಎಲ್ಲಕ್ಕಿಂತ ಒಳ್ಳೇದು.

ಉದ್ಯಾನ್ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಯಾದಗಿರಿಯವರಿಗೂ ಅದೇ ರೈಲು ಆಗುತ್ತದೆ. 2024ರಲ್ಲಿ ಶುರುವಾದ ವಂದೇ ಭಾರತ್ ಬೇಗ ಹೋಗುತ್ತದೆ ನಿಜ, ಆದರೆ ಬೆಳಿಗ್ಗೆ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಬೈಯಪ್ಪನಹಳ್ಳಿ ಕಡೆಯ ಟರ್ಮಿನಲ್ಲಿಗೆ ಮುಟ್ಟಿಸುತ್ತದೆ. ಅವತ್ತು ಒಂದು ಮ್ಯೂಸಿಯಂ ಸಿಕ್ಕರೆ ಪುಣ್ಯ. ಅಂಥ ದಿನ ಮ್ಯಾಪ್ ಆರಿಸಿ. ಬೈಯಪ್ಪನಹಳ್ಳಿಯಿಂದ ನೇರಳೆ ಮೆಟ್ರೋದಲ್ಲಿ ಕೂತರೆ ಬದಲಾಯಿಸದೆ ಎಂ.ಜಿ. ರಸ್ತೆಗೋ ಕಬ್ಬನ್ ಪಾರ್ಕಿಗೋ ಇಳಿದು ನಡೆಯಬಹುದು. ಎನ್‌ಜಿಎಂಎಗೆ ಮೆಜೆಸ್ಟಿಕ್‌ನಿಂದ ಆಟೋನೇ ಸುಲಭ.

ಒಂದೇ ದಿನದಲ್ಲಿ ಎರಡೂ ನೋಡಬಹುದಾ? ನೋಡಬಹುದು, ಎರಡರ ನಡುವಿನ ದೂರ ಮೂರು ಕಿಲೋಮೀಟರಿನ ಆಸುಪಾಸು. ಬಾಗಿಲು ತೆರೆದ ಕೂಡಲೇ ಬಂಗಲೆಯಿಂದ ಶುರುಮಾಡಿ, ಊಟ ಮುಗಿಸಿ ಮ್ಯಾಪ್‌ಗೆ ಬನ್ನಿ. ಉಲ್ಟಾ ಮಾಡಬೇಡಿ. ಮಬ್ಬು ಕೋಣೆಗಳಲ್ಲಿ ಫೋಟೋ ನೋಡಿ ದಣಿದ ಕಣ್ಣಿಗೆ ಆಮೇಲೆ ತೈಲಚಿತ್ರದ ಸೂಕ್ಷ್ಮ ಹಿಡಿಯುವುದು ಕಷ್ಟ. ಸಂಜೆ ಮ್ಯಾಪ್‌ನಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದರೆ ರಾತ್ರಿಯ ಉದ್ಯಾನ್‌ಗೆ ಬೇಕಾದಷ್ಟು ಹೊತ್ತು ಇರುತ್ತದೆ. ದೊಡ್ಡ ಬ್ಯಾಗುಗಳನ್ನು ಬೆಳಿಗ್ಗೆಯೇ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿಟ್ಟು ಹೊರಡಿ. ರೊಟ್ಟಿ, ಹಿಂಡಿಯ ಬುತ್ತಿ ಮಾತ್ರ ಕೈಯಲ್ಲಿರಲಿ, ಕಬ್ಬನ್ ಪಾರ್ಕಿನಲ್ಲಿ ಕೂತು ಉಣ್ಣಬಹುದು.